ಸಿಗಾರ್ ಪೆಟ್ಟಿಗೆಗೆ ಯಾವ ನೀರು? ಮಾಟುಂಗದಲ್ಲಿ ನಾಲ್ಕು ಮಳೆಗಾಲ ಕಳೆದ ಮೇಲೆ

ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿರುವ ನನ್ನ ಭಾವ 2021ರ ಜನವರಿಯಲ್ಲಿ ರಜೆಗೆ ಬಂದಾಗ ಇಪ್ಪತ್ತೈದು ಸಿಗಾರುಗಳ ಡಬ್ಬಿಯೊಂದನ್ನು ಕೈಗಿತ್ತರು. ಅವನ್ನು ಜೋಪಾನ ಮಾಡಲೆಂದು ಒಂದು ಹ್ಯುಮಿಡಾರ್ ಕೊಂಡೆ, ಅಂದರೆ ಸಿಗಾರು ಒಣಗದಂತೆ ಒಳಗಿನ ತೇವ ಕಾಯುವ ಪೆಟ್ಟಿಗೆ. ಒಳಗೆಲ್ಲ ಸ್ಪ್ಯಾನಿಷ್ ಸೀಡರ್ ಹೊದಿಕೆ. ಹೆಸರು ಸೀಡರ್ ಎಂದಿದ್ದರೂ ಅದು ದೇವದಾರು ಅಲ್ಲ, ನಮ್ಮ ಬೇವಿನ ಕುಟುಂಬದ ಮರ. ಪೆಟ್ಟಿಗೆಯ ಬಗ್ಗೆ ನನಗೆ ದೂರಿಲ್ಲ, ಮುಚ್ಚಳ ಇಂದಿಗೂ ಬಿಗಿಯಾಗಿ ಕೂರುತ್ತದೆ. ನಾನು ಬರೆಯಲು ಕೂತಿರುವುದು ತೇವಕ್ಕೆಂದು ಅದರೊಳಗಿನ ಸ್ಪಂಜಿಗೆ ಹಾಕುವ ನೀರಿನ ಬಗ್ಗೆ.

ಮೊದಲ ವರ್ಷ ನಲ್ಲಿ ನೀರನ್ನೇ ಹಾಕಿದೆ. ಮುಂಬಯಿಯ ಪಾಲಿಕೆ ನೀರು ಭಾತ್ಸಾ, ವೈತರಣಾ, ತಾನ್ಸಾದಂಥ ಜಲಾಶಯಗಳಿಂದ ಬರುವುದು, ಹೆಚ್ಚು ಗಡಸಲ್ಲ. ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಹೇಳುವ ಟಿಡಿಎಸ್ ಮೀಟರ್ ಮನೆಯಲ್ಲಿದೆ, ಅದನ್ನು ಅದ್ದಿದರೆ ಎಪ್ಪತ್ತರ ಆಸುಪಾಸು ತೋರಿಸುತ್ತದೆ. ಇಷ್ಟು ಸಾಕಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಕಟ್ಟಡದಲ್ಲಿ ಬೇಸಿಗೆ ಬಂತೆಂದರೆ ಬೋರ್‌ವೆಲ್ ನೀರನ್ನೂ ಟ್ಯಾಂಕಿಗೆ ಬೆರೆಸುತ್ತಾರೆ. ಆ ದಿನಗಳಲ್ಲಿ ಮೀಟರ್ ಆರುನೂರು ದಾಟುತ್ತದೆ. ಸ್ಪಂಜಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಆರುನೂರರ ನೀರು ಒಂದು ಲೀಟರ್ ಆರಿದರೆ ಅರ್ಧ ಗ್ರಾಮಿಗೂ ಹೆಚ್ಚು ಲವಣ ಕೂರುತ್ತದೆ. ಅಡುಗೆಗೆ ಅದೊಂದು ಚಿಟಿಕೆ ಉಪ್ಪಷ್ಟೇ, ಆದರೆ ಬೆಂಕಿಪೊಟ್ಟಣದಷ್ಟಿರುವ ಹಸಿರು ಸ್ಪಂಜಿನ ರಂಧ್ರ ಮುಚ್ಚಲು ಅಷ್ಟು ಬೇಕಾಗಿಲ್ಲ. ಜೂನ್ ಹೊತ್ತಿಗೆ ಸ್ಪಂಜಿನ ಮೇಲೆ ಗೀಸರ್ ಕಾಯಿಲಿನ ಮೇಲಿರುವಂಥ ಬಿಳಿ ಪದರ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಮೇಲೆ ಎಷ್ಟು ನೀರು ಬಿಟ್ಟರೂ ಒಳಗೆ ಇಳಿಯದೆ ಪಕ್ಕದಿಂದ ಜಾರಿ ಹೋಗುತ್ತಿತ್ತು.

ಕುದಿಸಿ ಆರಿಸಿದ ನೀರು ಆಗದೇ ಎಂದು ಹಲವರು ಕೇಳಿದ್ದಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ ನಿಜ, ಆದರೆ ಒಂದಿಷ್ಟು ಸುಣ್ಣದಂಶ ಪಾತ್ರೆಗೆ ಅಂಟಿದರೂ ಉಳಿದ ಲವಣ ಎಲ್ಲಿಗೂ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಒ ನೀರೂ ಪೂರ್ತಿ ಶುದ್ಧವಲ್ಲ. ಎಷ್ಟೋ ಯಂತ್ರಗಳು ರುಚಿಗೆಂದು ಕೊನೆಯಲ್ಲಿ ಖನಿಜವನ್ನು ಮತ್ತೆ ಸೇರಿಸುತ್ತವೆ.

ಫೋನಿನಲ್ಲಿ ಭಾವನಿಗೆ ಹೇಳಿದೆ. "ಬಾಯ್ಲರಿಗೆ ನಾವು ಯಾವ ನೀರು ಹಾಕುತ್ತೇವೆ ಗೊತ್ತುಂಟಾ? ಸಮುದ್ರದ ನೀರನ್ನು ಆವಿ ಮಾಡಿ ಇಳಿಸಿದ ನೀರು ಮಾರಾಯ. ಒಳಗೆ ಗಾಳಿಯ ಒತ್ತಡ ತಗ್ಗಿಸಿಬಿಟ್ಟರೆ ಐವತ್ತು ಡಿಗ್ರಿಗೇ ಕುದಿಯುತ್ತದೆ. ಉಪ್ಪು ಕೆಳಗೆ, ನೀರು ಮೇಲೆ. ನಿನ್ನ ಪೆಟ್ಟಿಗೆಗೂ ಅಂಥದ್ದೇ ಹಾಕು," ಎಂದರು. ಡಿಸ್ಟಿಲ್ಡ್ ವಾಟರ್ ಎಂದರೇನೆಂದು ಅಂದು ಸರಿಯಾಗಿ ತಲೆಗೆ ಹೋಯಿತು.

ಮರುದಿನವೇ ಇನ್ವರ್ಟರ್ ಬ್ಯಾಟರಿಗೆ ಹಾಕುವ ಐದು ಲೀಟರಿನ ಕ್ಯಾನ್ ತಂದೆ. ಮೀಟರಿನಲ್ಲಿ 3. ಬಿಳಿ ಪದರದ ಕಾಟ ಅಂದಿಗೆ ಮುಗಿಯಿತು. ಆದರೆ ನಾನು ವಾರಕ್ಕೆ ಬಳಸುವುದು ಇಪ್ಪತ್ತು ಮಿಲಿಲೀಟರ್, ಐದು ಲೀಟರ್ ಮುಗಿಯಲು ವರ್ಷಗಟ್ಟಲೆ ಬೇಕು. ಕ್ಯಾನ್ ಬಾಲ್ಕನಿಯ ಮೂಲೆಯಲ್ಲಿತ್ತು, ಮುಚ್ಚಳ ನೂರು ಸಲ ತೆರೆದು ಮುಚ್ಚಿದ್ದೆ. 2022ರ ಆಗಸ್ಟಿನಲ್ಲಿ ಒಂದು ಸಂಜೆ ಪೆಟ್ಟಿಗೆ ತೆರೆದರೆ ಹಳೆ ಗೋಣಿಚೀಲದ ವಾಸನೆ. ಸ್ಪಂಜಿಗೆ ಹತ್ತಿರವಿದ್ದ ಮೂರು ಸಿಗಾರುಗಳ ತುದಿಯಲ್ಲಿ, ಎಲೆ ಸುತ್ತಿ ಕತ್ತರಿಸಿದ ಕಡೆ, ಹಸಿರು ಮಿಶ್ರಿತ ಬೂದಿ ಬಣ್ಣದ ಬೂಷ್ಟು, ಹತ್ತಿಯ ಎಳೆಯಷ್ಟು ಎತ್ತರಕ್ಕೆ. ಒರೆಸಿದರೆ ಕೆಳಗೆ ಕಲೆ ಉಳಿಯಿತು. ಮೂರನ್ನೂ ಎಸೆದೆ. ಆ ದಿನ ಬಹಳ ಬೇಜಾರಾಯಿತು. ಕ್ಯಾನಿನ ನೀರಿಗೆ ಮೀಟರ್ ಅದ್ದಿದೆ, ಆಗಲೂ 3 ಎಂದೇ ತೋರಿಸಿತು. ಟಾರ್ಚ್ ಹಿಡಿದು ನೋಡಿದರೆ ತಳದಲ್ಲಿ ತೆಳ್ಳನೆಯ ಎಳೆಗಳು ತೇಲುತ್ತಿದ್ದವು.

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಲವಣವನ್ನು. ಬೂಷ್ಟಿನ ಬೀಜ ಅದರ ಕಣ್ಣಿಗೆ ಬೀಳುವುದಿಲ್ಲ. ಏಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಬಳಸುವವರಿಗೂ ಇದನ್ನೇ ಹೇಳುತ್ತೇನೆ. ಅದೂ ಆವಿ ತಣಿದು ಆದ ನೀರೇ, ಮೀಟರಿನಲ್ಲಿ ಒಂದಂಕಿ ಬರುತ್ತದೆ, ಆದರೆ ಅದು ಇಳಿದು ಬರುವುದು ತಿಂಗಳುಗಟ್ಟಲೆ ತೊಳೆಯದ ಕಾಯಿಲಿನ ಧೂಳಿನ ಮೇಲಿನಿಂದ. ದಯವಿಟ್ಟು ಬೇಡ.

ಈಗ ಎರಡು ವರ್ಷದಿಂದ ಬಳಸುತ್ತಿರುವುದು ಔಷಧದಂಗಡಿಯಲ್ಲಿ ಸಿಗುವ, ಗಾಯ ತೊಳೆಯಲು ಬಳಸುವ ಸೀಲು ಮಾಡಿದ ಸ್ಟೆರೈಲ್ ವಾಟರ್, ಅರ್ಧ ಲೀಟರ್ ಬಾಟಲಿ. ಲವಣವೂ ಇಲ್ಲ, ಕ್ರಿಮಿಯೂ ಇಲ್ಲ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಮಾರ್ಕರಿನಲ್ಲಿ ಬರೆಯುತ್ತೇನೆ. ಸಿರಿಂಜಿನಲ್ಲಿ ತೆಗೆಯುತ್ತೇನೆ, ಸ್ಪಂಜಿಗೆ ತಾಗಿದ ಸಿರಿಂಜನ್ನು ಮತ್ತೆ ಬಾಟಲಿಗೆ ಇಳಿಸುವುದಿಲ್ಲ. ಎರಡು ತಿಂಗಳಾದ ಮೇಲೆ ಉಳಿದದ್ದು ಇಸ್ತ್ರಿಪೆಟ್ಟಿಗೆಗೆ. ಒಂದು ಎಚ್ಚರಿಕೆ: ಪಕ್ಕದಲ್ಲೇ ಅಂಥದ್ದೇ ಬಾಟಲಿಯಲ್ಲಿ ನಾರ್ಮಲ್ ಸಲೈನ್ ಇರುತ್ತದೆ. ಒಮ್ಮೆ ಅಂಗಡಿಯ ಹುಡುಗ ನನಗೆ ಅದನ್ನೇ ಕೊಟ್ಟಿದ್ದ, ಬಿಲ್ ಮಾಡುವಾಗ ಲೇಬಲ್ ಓದಿದ್ದರಿಂದ ಉಳಿದುಕೊಂಡೆ. ಸಲೈನ್ ಎಂದರೆ ಲೀಟರಿಗೆ 9 ಗ್ರಾಂ ಉಪ್ಪು.

ಹೊಸ ಸ್ಪಂಜಿಗೆ ಮೊದಲ ಸಲ ಮಾತ್ರ ಈ ನೀರು ಮತ್ತು ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಅರ್ಧಕ್ಕರ್ಧ ಬೆರೆಸುತ್ತೇನೆ. ಅದು ಬೂಷ್ಟನ್ನು ತಡೆಯುತ್ತದೆ, ತೇವವನ್ನು ಶೇ 70ರ ಹತ್ತಿರ ಹಿಡಿದಿಡುತ್ತದೆ. ಗ್ಲೈಕಾಲ್ ಆರುವುದು ಬಲು ನಿಧಾನ, ಹಾಗಾಗಿ ಆಮೇಲೆ ಬರೀ ನೀರು ಸಾಕು. ಗಾಡಿಯ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇರೆ, ಅದು ವಿಷ. ಸ್ಪಂಜಿನ ಬದಲು ಸಿಲಿಕಾ ಮಣಿ ಇಟ್ಟವರು ಯಾವ ಗ್ಲೈಕಾಲನ್ನೂ ಹಾಕಬಾರದು, ಮಣಿಯ ರಂಧ್ರ ಕಟ್ಟಿಕೊಳ್ಳುತ್ತದೆ.

ನೀರು ಎಷ್ಟೇ ಒಳ್ಳೆಯದಿರಲಿ, ಪೆಟ್ಟಿಗೆಯೊಳಗಿನ ತೇವ ಅಳೆಯುವ ಹೈಗ್ರೋಮೀಟರ್ ಸುಳ್ಳು ಹೇಳಿದರೆ ಎಲ್ಲ ವ್ಯರ್ಥ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಷ್ಟಾಗುವಂತೆ ಕೆಲವು ಹನಿ ನೀರು ಬಿಟ್ಟು, ಮೀಟರಿನ ಜೊತೆ ಜಿಪ್ ಚೀಲದಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ನನ್ನದು 71 ತೋರಿಸಿತು. ಅಂದರೆ ಅಷ್ಟು ದಿನ ನಾನು 70 ಎಂದು ನಂಬಿದ್ದು 74 ಆಗಿತ್ತು. ಬೂಷ್ಟಿಗೆ ಅದೂ ಒಂದು ಕಾರಣ ಎಂದು ಈಗ ಅನಿಸುತ್ತದೆ.

ಮುಂಬಯಿಯವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಯಾವ ನೀರನ್ನೂ ಹಾಕುವುದಿಲ್ಲ. ಮಳೆಗಾಲದಲ್ಲಿ ಹಪ್ಪಳವೇ ಅರ್ಧ ಗಂಟೆಯಲ್ಲಿ ಮೆತ್ತಗಾಗುವ ಊರಿದು. ಹೊರಗೆ ಶೇ 85ರ ಮೇಲಿರುವಾಗ ಪ್ರತಿ ಸಲ ಮುಚ್ಚಳ ತೆರೆದರೂ ತೇವ ತಾನಾಗಿ ಒಳಗೆ ಬರುತ್ತದೆ. ಸ್ಪಂಜು ತೆಗೆದಿಟ್ಟು ಬೊವೆಡಾ ಕಂಪನಿಯ, ತೇವವನ್ನು ಶೇ 65ಕ್ಕೆ ಹಿಡಿದಿಡುವ ಪೊಟ್ಟಣ ಹಾಕುತ್ತೇನೆ. ಅದು ತೇವವನ್ನು ಬಿಡುವಂತೆ ಹೀರಿಕೊಳ್ಳಲೂ ಬಲ್ಲದು. ಎರಡು ಮಳೆಗಾಲ ಹೀಗೆ ಕಳೆದೆ, ಒಂದು ಸಿಗಾರಿಗೂ ಬೂಷ್ಟು ಬಂದಿಲ್ಲ. ಬೇಸಿಗೆಯಲ್ಲಿ ನೀರಿಗಿಂತ ಬಿಸಿಲಿನದೇ ಚಿಂತೆ, ಸೆಕೆ ಹೆಚ್ಚಾದರೆ ತಂಬಾಕಿನ ಹುಳ ಮೊಟ್ಟೆಯೊಡೆಯುತ್ತದೆ. ಅದಕ್ಕೇ ಪೆಟ್ಟಿಗೆ ಮಲಗುವ ಕೋಣೆಯ ಕಪಾಟಿನ ಕೆಳಗಿನ ಅರೆಯಲ್ಲಿದೆ. ನೀರು ನಿಜವಾಗಿ ಬೇಕಾಗುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮಧ್ಯಾಹ್ನದ ಗಾಳಿ ಒಣಗಿದಾಗ.

ಕಳೆದ ದೀಪಾವಳಿಗೆ ಭಾವ ಬಂದಿದ್ದರು. ಅವರೇ ಕೊಟ್ಟ ಡಬ್ಬಿಯದೊಂದನ್ನು ತೆಗೆದುಕೊಟ್ಟೆ. ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಚರಚರ ಸದ್ದಿಲ್ಲ, ಒತ್ತಿದ ಕಡೆ ತಗ್ಗಿ ಮತ್ತೆ ಮೇಲೆದ್ದಿತು. "ಆ ನೀರಿನ ಬಾಟಲಿ ತೋರಿಸು," ಎಂದು ಲೇಬಲನ್ನು ಪೂರ್ತಿ ಓದಿ, ಫೋಟೋ ತೆಗೆದುಕೊಂಡರು.