ಬಟವಾಡೆ ತಪ್ಪದ ಹಾಗೆ ಪೈಥಾನ್ ಬದಲಿಸಿದ್ದು: ನಾಲ್ಕು ದಾರಿ ನೋಡಿದ ಮೇಲೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೆ ಹಾಜರಿ ಹಾಕುವ ಸಣ್ಣ ಸಾಫ್ಟ್‌ವೇರ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೇನೆ. ರೈಟರ್ ದಿನಾ ಸಂಜೆ ಆಳುಗಳ ಹಾಜರಿ ತುಂಬುತ್ತಾರೆ. ಶನಿವಾರ ಬೆಳಗಿನ ಜಾವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಓಡಿ ಕೂಲಿಯ ಬಟವಾಡೆ ಪಟ್ಟಿ ತಯಾರಾಗುತ್ತದೆ. ಸರ್ವರ್‌ನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಉಬುಂಟು 22.04, ಅದರ ಜೊತೆ ಬಂದದ್ದು ಪೈಥಾನ್ 3.10. ಪೈಥಾನ್ ತಂಡ ಅದನ್ನು ನೋಡಿಕೊಳ್ಳುವುದು 2026ರ ಅಕ್ಟೋಬರ್‌ವರೆಗೆ ಮಾತ್ರ. 3.12ಕ್ಕಾದರೆ 2028ರ ಅಕ್ಟೋಬರ್‌ವರೆಗೆ ಸಮಯವಿದೆ. ಸರಿ, ಅದಕ್ಕೇ ಹೋಗೋಣ ಅಂತ ಅಷ್ಟೇ ಗಾತ್ರದ ಇನ್ನೊಂದು ಸರ್ವರ್ ಬಾಡಿಗೆಗೆ ಹಿಡಿದು ಎಲ್ಲ ದಾರಿಗಳನ್ನೂ ನೋಡಿದೆ.

ಯಾವ ದಾರಿ ಹಿಡಿದರೂ ಉಬುಂಟುವಿನ ಸ್ವಂತ ಪೈಥಾನ್ ಮುಟ್ಟಬೇಡಿ. ಹಿಂದೊಮ್ಮೆ ಪೈಥಾನ್3 ಎಂಬ ಹೆಸರನ್ನು ಸುಮ್ನೆ ಹೊಸದರ ಕಡೆ ತಿರುಗಿಸಿದ್ದೆ. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಸಾಧನ ಎಪಿಟಿ, ಅದರ ಮುಂದಿನ ಅಪ್‌ಡೇಟ್ ಕೂಡ ಎಡವಿತು. ಹೊಸದು ಹಳೆಯದರ ಪಕ್ಕದಲ್ಲಿ ಕೂರಬೇಕು, ಮೇಲೆ ಅಲ್ಲ.

ಮೊದಲು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಿದೆ, ಅಂದರೆ ಪೈಥಾನನ್ನು ಸರ್ವರ್‌ನಲ್ಲೇ ಕಟ್ಟಿದೆ. ಒಂದು ಜಿಬಿ ರಾಮ್, ಒಂದೇ ಕೋರ್. ಆಪ್ಟಿಮೈಸೇಶನ್ ಆನ್ ಮಾಡಿದರೆ ಅದು ಒಮ್ಮೆ ಕಟ್ಟಿ, ಓಡಿಸಿ ನೋಡಿ, ಮತ್ತೆ ಕಟ್ಟುತ್ತದೆ. ಅರ್ಧ ಗಂಟೆ ಆಗಿರಬಹುದು, ಮಳೆಗೆ ಮನೆಯ ಕರೆಂಟ್ ಹೋಯಿತು, ವೈಫೈ ಹೋಯಿತು, ಸರ್ವರ್‌ಗಿದ್ದ ಎಸ್‌ಎಸ್‌ಎಚ್ ಸಂಪರ್ಕ ಕಡಿದು ಕಂಪೈಲ್ ಅಲ್ಲೇ ನಿಂತಿತು. ಎರಡನೇ ಸಲ ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ಟಿಮಕ್ಸ್ ಒಳಗೆ ಓಡಿಸಿದೆ. ಮುಗಿಯಿತು, ಆದರೆ ಪೈಥಾನ್ ಪ್ಯಾಕೇಜ್ ತರುವ ಪಿಪ್ ಏನನ್ನೂ ಇಳಿಸಿಕೊಳ್ಳುತ್ತಿಲ್ಲ. ಓಪನ್‌ಎಸ್‌ಎಸ್‌ಎಲ್‌ನ ಡೆವ್ ಪ್ಯಾಕೇಜ್ ಹಾಕಲು ಮರೆತಿದ್ದೆ. ಅದಿಲ್ಲದಿದ್ದರೂ ಕಂಪೈಲ್ ನಿಲ್ಲುವುದಿಲ್ಲ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಸ್‌ಎಸ್‌ಎಲ್ ಮಾಡ್ಯೂಲ್ ಇಲ್ಲದ ಪೈಥಾನ್ ಕೊಟ್ಟು ಕೂರುತ್ತದೆ. ಮೂರನೇ ಸಲಕ್ಕೆ ಸರಿಹೋಯಿತು. ಇನ್‌ಸ್ಟಾಲ್ ಬದಲು ಆಲ್ಟ್‌ಇನ್‌ಸ್ಟಾಲ್ ಕೊಟ್ಟರೆ ಹಳೆಯದರ ತಂಟೆಗೆ ಹೋಗುವುದಿಲ್ಲ. ಆದರೆ ಭದ್ರತಾ ತಿದ್ದುಪಡಿ ಬಂದಾಗಲೆಲ್ಲ ಇದೇ ಪೂಜೆ ಮತ್ತೆ. ನನ್ನಿಂದಾಗದು.

ಎರಡನೆಯದು ಪೈಎನ್ವ್, ಹಲವು ಪೈಥಾನ್ ಆವೃತ್ತಿಗಳನ್ನು ಜೊತೆಗಿಡುವ ಸಾಧನ. ಅದೂ ಒಳಗೆ ಮಾಡುವುದು ಇದೇ ಕಂಪೈಲ್. ಕೈಯಲ್ಲಿ ಓಡಿಸಿದರೆ ಚೆನ್ನಾಗಿತ್ತು, ಕ್ರಾನ್‌ನಲ್ಲಿ ಮಾತ್ರ ಹಳೆಯ 3.10 ಓಡಿತು. ಪೈಎನ್ವ್‌ನ ದಾರಿ ಬರೆದಿದ್ದು ನನ್ನ ಟರ್ಮಿನಲ್‌ನ ಸೆಟ್ಟಿಂಗ್ ಫೈಲ್ ಬ್ಯಾಶ್‌ಆರ್‌ಸಿಯಲ್ಲಿ, ಕ್ರಾನ್ ಅದನ್ನು ಓದುವುದೇ ಇಲ್ಲ. ಪೂರ್ತಿ ಪಾತ್ ಕೊಟ್ಟರೆ ಆಗುತ್ತದೆ, ನಿಜ. ಲ್ಯಾಪ್‌ಟಾಪ್‌ಗೆ ಒಳ್ಳೆಯದು, ಅಲ್ಲೇ ಇರಲಿ.

ಮೂರನೆಯದು ಯುವಿ, ಪೈಥಾನನ್ನೂ ಅದರ ಪ್ಯಾಕೇಜ್‌ಗಳನ್ನೂ ಹಾಕಿಕೊಡುವ ಸಾಧನ. ನೋಡಿ ಖುಷಿಯಾಯಿತು. ಮೊದಲೇ ಕಟ್ಟಿಟ್ಟ ಪೈಥಾನ್ ಇಳಿಸಿಕೊಳ್ಳುತ್ತದೆ. ಕಾಫಿ ಕಪ್ ಕೆಳಗಿಡುವುದರೊಳಗೆ ಕೆಲಸ ಮುಗಿದಿತ್ತು. ಇದೇ ಸಾಕು ಅಂದುಕೊಂಡೆ. ಹಾಜರಿ ಸಾಫ್ಟ್‌ವೇರ್‌ನ ಸರ್ವಿಸ್ ಶುರು ಮಾಡಿದರೆ ಅನುಮತಿ ಇಲ್ಲ ಅಂತು. ಯುವಿ ಪೈಥಾನನ್ನು ಇಟ್ಟಿದ್ದು ನನ್ನ ಹೋಮ್ ಫೋಲ್ಡರ್‌ನಲ್ಲಿ. ಸರ್ವಿಸ್ ಓಡುವುದು ಬೇರೆ ಯೂಸರ್ ಹೆಸರಲ್ಲಿ. ಉಬುಂಟು 21.04ರಿಂದ ಈಚೆಗೆ ಒಬ್ಬರ ಹೋಮ್ ಫೋಲ್ಡರ್‌ಗೆ ಇನ್ನೊಬ್ಬರು ಇಣುಕುವಂತಿಲ್ಲ. ಇಡುವ ಜಾಗವನ್ನು ಎಲ್ಲ ಯೂಸರ್‌ಗಳಿಗೂ ಸಿಗುವ /opt ಫೋಲ್ಡರ್‌ಗೆ ಬದಲಿಸಿದ ಮೇಲೆ ಓಡಿತು. ಆದರೂ ಎಪಿಟಿ ಅಪ್‌ಗ್ರೇಡ್ ಇದನ್ನು ನೋಡಿಕೊಳ್ಳುವುದಿಲ್ಲ, ನಾನೇ ನೆನಪಿಟ್ಟು ಮಾಡಬೇಕು.

ಕೊನೆಗೆ ಉಳಿಸಿಕೊಂಡಿದ್ದು ಡೆಡ್‌ಸ್ನೇಕ್ಸ್ ಪಿಪಿಎ, ಅಂದರೆ ಉಬುಂಟುವಿಗೆ ಬೇರೆ ಬೇರೆ ಪೈಥಾನ್ ಆವೃತ್ತಿ ಕೊಡುವ, ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ. ಮೂರು ಕಮಾಂಡ್, ಅಷ್ಟೇ. ವೆನ್ವ್ (ಒಂದು ಸಾಫ್ಟ್‌ವೇರ್‌ಗಷ್ಟೇ ಪ್ರತ್ಯೇಕವಾದ ಪೈಥಾನ್ ಫೋಲ್ಡರ್) ಕಟ್ಟುವ ಪ್ಯಾಕೇಜ್ ಬೇರೆ ಹಾಕಬೇಕು, ಅದೊಂದು ಮರೆಯಬೇಡಿ. ಕ್ರಾನ್‌ಗೂ ಸರ್ವಿಸ್‌ಗೂ ಒಂದೇ ಪಾತ್, ಅಪ್‌ಡೇಟ್ ಬಂದರೆ ಉಳಿದವುಗಳ ಜೊತೆಗೇ ಬರುತ್ತದೆ. ತಿದ್ದುಪಡಿ ತಕ್ಷಣ ಬರುತ್ತದೆ ಅನ್ನುವ ಖಾತ್ರಿ ಇಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಆದರೂ ಒಪ್ಪಿಕೊಂಡೆ, ಯಾಕೆಂದರೆ ಉಬುಂಟು 24.04ರ ಸ್ವಂತ ಪೈಥಾನ್ 3.12. ನಾಳೆ ಅಲ್ಲಿಗೆ ಹೋದಾಗ ಪಿಪಿಎ ಬೇಕಾಗಿಲ್ಲ, ಕೋಡ್ ಆಗಲೇ ಹೊಂದಿಕೊಂಡಿರುತ್ತದೆ. ಪ್ಯಾಕೇಜ್ ಹಾಕುವುದಕ್ಕೆ ಮಾತ್ರ ಯುವಿ ಇಟ್ಟುಕೊಂಡಿದ್ದೇನೆ, ಆ ವೇಗ ಬಿಡಲು ಮನಸ್ಸಾಗಲಿಲ್ಲ.

ಜಾಸ್ತಿ ಹೊತ್ತು ತಿಂದಿದ್ದು ಬೇರೆಯೇ. 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಮಾಡ್ಯೂಲನ್ನು ತೆಗೆದುಹಾಕಿದ್ದಾರೆ. ಪಟ್ಟಿ ಪ್ರಿಂಟ್ ಮಾಡುವ ನನ್ನ ಹಳೆಯ ಫೈಲಿನಲ್ಲಿ ಅದರ ಒಂದು ಸಾಲು ಅಡಗಿತ್ತು. ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಹಳೆಯ ವೆನ್ವ್ ಅಳಿಸದೆ ಹೊಸದನ್ನು ಬೇರೆ ಹೆಸರಲ್ಲಿ ಕಟ್ಟಿದೆ. ಎರಡು ಬಟವಾಡೆ ಮುಗಿದ ಮೇಲೆಯೇ ಹಳೆಯದನ್ನು ತೆಗೆದದ್ದು.