ಒಂದೇ ಸಾಲಿನ ಇನ್‌ಸ್ಟಾಲ್ ಕಮಾಂಡ್ ಪೇಸ್ಟ್ ಮಾಡುವ ಮುಂಚೆ ಇದನ್ನು ಓದಿ

ಫೈಲ್ ಕಳಿಸುವ ಟೂಲ್ ಒಂದನ್ನು ಲಿನಕ್ಸ್‌ಗೆ ಹಾಕಿಕೊಳ್ಳಬೇಕು ಎಂದು ಹುಡುಕುತ್ತಿದ್ದೀರಾ? ಎಲ್ಲಕ್ಕಿಂತ ಮೇಲೆ ಜಾಹೀರಾತಾಗಿ ಬರುವ ಲಿಂಕನ್ನು ಒತ್ತಬೇಡಿ. ಅಲ್ಲಿ ಕೊಟ್ಟ ಸ್ಕ್ರಿಪ್ಟನ್ನಂತೂ (ಸಾಲುಸಾಲಾಗಿ ಕಮಾಂಡ್ ಬರೆದ ಫೈಲ್) ಓಡಿಸಲೇಬೇಡಿ. ನಮ್ಮಲ್ಲಿ ಏನಾಯಿತು ಎಂದು ಹೇಳುತ್ತೇನೆ.

ನಾನು ಕೆಲಸ ಮಾಡುವುದು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ. ಪಂಪ್, ವಾಲ್ವ್‌ಗಳ ಕಾಸ್ಟಿಂಗ್ ಮಾಡುತ್ತೇವೆ. ಗಿರಾಕಿಗಳು ಜಾಸ್ತಿ ಪುಣೆ, ಕೊಲ್ಹಾಪುರದ ಕಡೆಯವರು. ಅವರ ಡ್ರಾಯಿಂಗ್, ಪ್ಯಾಟರ್ನ್ ಫೈಲುಗಳನ್ನು ಗೂಗಲ್ ಡ್ರೈವ್‌ಗೆ ಏರಿಸಲು ಆರ್‌ಕ್ಲೋನ್ ಬಳಸುತ್ತೇವೆ. ಅದು ಪುಕ್ಕಟೆ ಸಿಗುವ ಒಳ್ಳೆಯ ಟೂಲ್. ಇಲ್ಲಿ ಅದರ ತಪ್ಪು ಏನೂ ಇಲ್ಲ.

ಡಿಸೈನ್ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂತು. ಅಲ್ಲಿಯ ಹುಡುಗ ಆರ್‌ಕ್ಲೋನ್ ಹಾಕಲು ಹೋಗಿ ತೆರೆದದ್ದು ನಕಲಿ ಸೈಟ್. ಅದೇ ಬಣ್ಣ, ಅದೇ ಲೋಗೋ. ವಿಳಾಸದಲ್ಲಿ ಮಾತ್ರ ಒಂದು ಅಡ್ಡಗೆರೆ ಜಾಸ್ತಿ. ಬೀಗದ ಗುರುತೂ ಇತ್ತು. ಆ ಗುರುತು ಹೇಳುವುದು ನೀವು ಆ ವಿಳಾಸದ ಜೊತೆಗೇ ಮಾತಾಡುತ್ತಿದ್ದೀರಿ ಎಂದಷ್ಟೇ. ವಿಳಾಸದ ಹಿಂದೆ ಇರುವವರು ಒಳ್ಳೆಯವರೋ ಕಳ್ಳರೋ ಅದಕ್ಕೆ ಗೊತ್ತಿಲ್ಲ. ಕರ್ಲ್ ಎಂಬ ಡೌನ್‌ಲೋಡ್ ಕಮಾಂಡ್‌ನಿಂದ ಸ್ಕ್ರಿಪ್ಟ್ ಇಳಿಸಿ ನೇರವಾಗಿ ಸುಡೊ ಬ್ಯಾಶ್‌ಗೆ ಕೊಡುವ ಒಂದು ಸಾಲು ಅಲ್ಲಿತ್ತು. ಬ್ಯಾಶ್ ಅಂದರೆ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಮ್, ಸುಡೊ ಅಂದರೆ ಅದಕ್ಕೆ ಯಂತ್ರದ ಪೂರ್ತಿ ಅಧಿಕಾರ ಕೊಡುವುದು. ಅಸಲಿ ಸೈಟಿನಲ್ಲೂ ಇಂಥದೇ ಸಾಲು ಇದೆ, ಹಾಗಾಗಿ ಅನುಮಾನ ಬರಲಿಲ್ಲ.

ಟೂಲ್ ಚೆನ್ನಾಗಿಯೇ ನಡೆಯಿತು. ಇದೇ ದೊಡ್ಡ ಮೋಸ. ಸ್ಕ್ರಿಪ್ಟ್ ಅಸಲಿ ಆರ್‌ಕ್ಲೋನನ್ನೇ ಹಾಕಿ, ಅದರ ಜೊತೆ ತನಗೆ ಬೇಕಾದ್ದನ್ನೂ ಸೇರಿಸಿತ್ತು.

"ಸರ, ಏನೂ ಓಪನ್ ಮಾಡಿಲ್ರೀ, ಆದ್ರೂ ಫ್ಯಾನ್ ಭಾಳ ಜೋರ್ ತಿರಗಾಕತ್ತೇತ್ರಿ" ಎಂದು ಆ ಹುಡುಗನೇ ಬಂದು ಹೇಳಿದ. ಅವನು ಮುಚ್ಚಿಡಲಿಲ್ಲ, ಅದಕ್ಕೇ ಬೇಗ ಗೊತ್ತಾಯಿತು. ಇಂಥ ಹೊತ್ತಲ್ಲಿ ಬೈದು ಕೂಗಾಡಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಯಾವ ಪ್ರೋಗ್ರಾಮ್ ಎಷ್ಟು ಸಿಪಿಯು ಬಳಸುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್ ಕೊಟ್ಟು ನೋಡಿದೆ. ಸಿಸ್ಟಮ್‌ನದೇ ಎನಿಸುವ ಹೆಸರಿನ ಒಂದು ಪ್ರೋಗ್ರಾಮ್ ಪೂರ್ತಿ ಸಿಪಿಯು ತಿನ್ನುತ್ತಿತ್ತು. ನಮ್ಮ ಕರೆಂಟಿನಲ್ಲಿ ಯಾರೋ ಕ್ರಿಪ್ಟೊ ಮೈನಿಂಗ್, ಅಂದರೆ ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ, ನಡೆಸಿದ್ದರು. ಅದನ್ನು ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಕೂರುತ್ತಿತ್ತು. ರೂಟ್ ಎಂಬ ಪೂರ್ತಿ ಅಧಿಕಾರದ ಖಾತೆಯ ಕ್ರಾನ್‌ಟ್ಯಾಬ್ (ಹೊತ್ತುಹೊತ್ತಿಗೆ ತಾನೇ ಓಡುವ ಕೆಲಸಗಳ ಪಟ್ಟಿ) ತೆರೆದಾಗ, ಆಗಾಗ ಹೊರಗಿನಿಂದ ಸ್ಕ್ರಿಪ್ಟ್ ತಂದು ಓಡಿಸುವ ಸಾಲು ಕಂಡಿತು. ದೂರದಿಂದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಯಾರನ್ನು ಒಳಗೆ ಬಿಡಬೇಕು ಎಂದು ಹೇಳುವ ಆಥರೈಸ್ಡ್ ಕೀಸ್ ಫೈಲಿನಲ್ಲಿ ನಮ್ಮದಲ್ಲದ ಒಂದು ಕೀ ಕೂತಿತ್ತು. ಅಂದರೆ ಪಾಸ್‌ವರ್ಡ್ ಬದಲಿಸಿದರೂ ಅವರಿಗೆ ದಾರಿ ತೆರೆದೇ ಇತ್ತು.

ಮೈನಿಂಗ್‌ಗಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಆರ್‌ಕ್ಲೋನ್‌ನ ಕಾನ್ಫಿಗ್ ಫೈಲ್. ಹೋಮ್ ಫೋಲ್ಡರಿನ ಒಳಗೆ, ಡಾಟ್ ಕಾನ್ಫಿಗ್ ಎಂಬಲ್ಲಿ ಅದು ಇರುತ್ತದೆ. ಡ್ರೈವ್‌ನ ಟೋಕನ್, ಅಂದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಗುರುತು, ಅದರಲ್ಲೇ ಇದೆ. ಬೇರೆ ಸರ್ವರ್‌ಗಳ ಪಾಸ್‌ವರ್ಡ್ ಸೇರಿಸಿದ್ದರೆ ಅವೂ ಅಲ್ಲೇ. ಅವು ಸುಮ್ನೆ ಕಣ್ಣಿಗೆ ಕಾಣದಂತೆ ಮರೆಮಾಡಿದವು, ಫೈಲ್ ಸಿಕ್ಕವರು ಸಲೀಸಾಗಿ ಬಿಡಿಸಿಕೊಳ್ಳಬಹುದು. ಕಾನ್ಫಿಗ್‌ಗೇ ಪಾಸ್‌ವರ್ಡ್ ಇಟ್ಟು ಭದ್ರ ಮಾಡುವ ಆಯ್ಕೆ ಇದೆ, ಆದರೆ ಅದನ್ನು ನಾವೇ ಹಾಕಬೇಕು. ಯಂತ್ರ ರೂಟ್ ಸಮೇತ ಬೇರೆಯವರ ಕೈಗೆ ಹೋದ ಮೇಲೆ ಆ ಫೈಲೂ ಹೋಗಿದೆ ಎಂದೇ ಲೆಕ್ಕ ಹಿಡಿಯಬೇಕು. ಗಿರಾಕಿಗಳಿಗೆ ಫೋನ್ ಮಾಡಿ, ನಿಮ್ಮ ಡ್ರಾಯಿಂಗ್ ಹೊರಗೆ ಹೋಗಿರಬಹುದು ಎಂದು ಮಾಲೀಕರು ಹೇಳಬೇಕಾಯಿತು. ವರ್ಷಗಟ್ಟಲೆ ನಂಬಿಕೆಯ ಮೇಲೆ ಡ್ರಾಯಿಂಗ್ ಕಳಿಸಿದವರಿಗೆ ಆ ಮಾತು ಹೇಳುವುದು ಎಷ್ಟು ಕಷ್ಟ, ಅಲ್ವಾ?

"ಸುಡೊ ಕೊಡದಿದ್ದರೆ ಏನೂ ಆಗಲ್ಲ" ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಡ್ರಾಯಿಂಗ್, ಕೀ, ಟೋಕನ್ ಎಲ್ಲ ಇರುವುದು ಹೋಮ್ ಫೋಲ್ಡರಿನಲ್ಲೇ. ಅವನ್ನು ಕದಿಯಲು ರೂಟ್ ಬೇಕಿಲ್ಲ.

ಅಸಲಿ ಸೈಟ್ ಆದರೆ ಸಾಕೇ? ಅದೂ ಸಾಲದು. 2021ರಲ್ಲಿ, ಸಾಫ್ಟ್‌ವೇರ್ ಪರೀಕ್ಷೆಯ ವರದಿ ಕೊಡುವ ಕೋಡ್‌ಕವ್ ಕಂಪನಿಯ ಬ್ಯಾಶ್ ಅಪ್‌ಲೋಡರ್ ಸ್ಕ್ರಿಪ್ಟನ್ನು ಅವರದೇ ಜಾಗದಲ್ಲಿ ಕಳ್ಳರು ತಿದ್ದಿದ್ದರು. ಜನವರಿ 31ರಿಂದ ಏಪ್ರಿಲ್ 1ರವರೆಗೆ ಯಾರಿಗೂ ಗೊತ್ತಾಗಲಿಲ್ಲ. ಸ್ಕ್ರಿಪ್ಟ್ ಓಡಿಸಿದವರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಂದರೆ ಅಲ್ಲಿಟ್ಟ ಕೀಗಳು, ಬೇರೊಂದು ಸರ್ವರ್‌ಗೆ ಹೋಗುತ್ತಿದ್ದವು. ಹಿಡಿದದ್ದು ಒಬ್ಬ ಗ್ರಾಹಕ. ಕೋಡ್ ಇಡುವ ಸೈಟ್ ಗಿಟ್‌ಹಬ್‌ನಲ್ಲಿದ್ದ ಚೆಕ್‌ಸಮ್ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ), ತಾನು ಇಳಿಸಿದ ಫೈಲಿನ ಚೆಕ್‌ಸಮ್ ಎರಡೂ ಬೇರೆ ಇದ್ದದ್ದು ಅವರ ಕಣ್ಣಿಗೆ ಬಿತ್ತು.

ಇಳಿಸಿದ್ದನ್ನು ಹೀಗೆ ನೇರವಾಗಿ ಬ್ಯಾಶ್‌ಗೆ ಪೈಪ್ ಮಾಡುವುದರಲ್ಲಿ ಇನ್ನೊಂದು ತೊಂದರೆ ಇದೆ. ಬ್ಯಾಶ್ ಸ್ಕ್ರಿಪ್ಟನ್ನು ಬಂದ ಹಾಗೆ ಓಡಿಸುತ್ತಾ ಹೋಗುತ್ತದೆ. ಮಧ್ಯದಲ್ಲಿ ನೆಟ್ ಹೋದರೆ ಅರ್ಧ ಕೆಲಸ ಮಾಡಿ ನಿಲ್ಲುತ್ತದೆ. ಯಾವುದೋ ಫೋಲ್ಡರ್ ಅಳಿಸುವ ಸಾಲು ಅರ್ಧಕ್ಕೆ ತುಂಡಾದರೆ ಅಳಿಯುವುದು ಬೇರೆಯದೇ ಆಗಬಹುದು. ಪೇಜಿನಲ್ಲಿ ಕಾಣುವ ಕಮಾಂಡ್ ಒಂದು, ಕಾಪಿ ಆಗುವುದು ಇನ್ನೊಂದು, ಹೀಗೂ ಮಾಡಲು ಬರುತ್ತದೆ. ಅದಕ್ಕೆ ಮೊದಲು ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡಿ. ನಮ್ಮಲ್ಲಿ ಬಂದ ಸ್ಕ್ರ್ಯಾಪನ್ನು ನೋಡದೆ ಯಾರೂ ಫರ್ನೇಸ್‌ಗೆ ಹಾಕುವುದಿಲ್ಲ, ಮುಚ್ಚಿದ ಡಬ್ಬಿಯೋ ಒದ್ದೆ ಕಬ್ಬಿಣವೋ ಇದ್ದರೆ ಸಿಡಿಯುತ್ತದೆ. ಸ್ಕ್ರಿಪ್ಟಿಗೂ ಅಷ್ಟೇ ಎಚ್ಚರ ಬೇಕು.

ನಾವು ಈಗ ಮಾಡುವುದು ಇಷ್ಟು. ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳಲ್ಲಿ ಅವುಗಳದೇ ಇನ್‌ಸ್ಟಾಲ್ ಟೂಲ್ ಎಪಿಟಿಯಿಂದಲೇ ಆರ್‌ಕ್ಲೋನ್ ಹಾಕುತ್ತೇವೆ. ಆವೃತ್ತಿ ಹಳೆಯದಿರಬಹುದು, ನಮ್ಮ ಕೆಲಸಕ್ಕೆ ನಡೆಯುತ್ತದೆ. ಆಫೀಸಿನ ಒಳಗೇ ಫೈಲ್ ಸಾಗಿಸಲು ಆರ್‌ಸಿಂಕ್ ಎಂಬ ಕಾಪಿ ಟೂಲ್ ಸಾಕು. ಹೊಸ ಆವೃತ್ತಿಯೇ ಬೇಕೆಂದರೆ ಅಸಲಿ ಸೈಟಿನ ವಿಳಾಸವನ್ನು ಕೈಯಿಂದ ಟೈಪ್ ಮಾಡಿ, ಪ್ಯಾಕೇಜ್ ಇಳಿಸಿ, ಎಸ್‌ಎಚ್‌ಎ256 ಚೆಕ್‌ಸಮ್ ಹೋಲಿಸಿ ನೋಡುತ್ತೇವೆ. ನಕಲಿ ಸೈಟಿನಲ್ಲಿ ಚೆಕ್‌ಸಮ್ಮೂ ನಕಲಿಯೇ, ಆದ್ದರಿಂದ ವಿಳಾಸ ಮೊದಲು. ಡ್ರೈವ್ ಜೋಡಿಸುವಾಗ ಪೂರ್ತಿ ಅನುಮತಿ ಕೊಡದೆ, ಆರ್‌ಕ್ಲೋನ್ ತಾನೇ ಏರಿಸಿದ ಫೈಲುಗಳನ್ನು ಮಾತ್ರ ಮುಟ್ಟುವ ಆಯ್ಕೆ ಆರಿಸುತ್ತೇವೆ.

ಈಗಾಗಲೇ ಇಂಥ ಸ್ಕ್ರಿಪ್ಟ್ ಓಡಿಸಿದ್ದರೆ ಇವತ್ತೇ ನಿಮ್ಮ ಮತ್ತು ರೂಟ್‌ನ ಕ್ರಾನ್‌ಟ್ಯಾಬ್, ಆಥರೈಸ್ಡ್ ಕೀಸ್, ಬ್ಯಾಶ್‌ಆರ್‌ಸಿ (ಟರ್ಮಿನಲ್ ತೆರೆದಾಗ ಓಡುವ ಫೈಲ್), ಸಿಸ್ಟಮ್‌ಡಿ ಸರ್ವಿಸ್‌ಗಳನ್ನು (ಹಿಂದೆ ತಾವೇ ಓಡುವ ಪ್ರೋಗ್ರಾಮ್‌ಗಳು) ನೋಡಿ. ಗೊತ್ತಿಲ್ಲದ್ದು ಏನಾದರೂ ಕಂಡರೆ ನೆಟ್ ಕೇಬಲ್ ತೆಗೆಯಿರಿ. ಬೇರೆ ಕಂಪ್ಯೂಟರಿನಿಂದ ಗೂಗಲ್ ಖಾತೆಗೆ ಹೋಗಿ ಆರ್‌ಕ್ಲೋನ್‌ಗೆ ಕೊಟ್ಟ ಅನುಮತಿ ರದ್ದು ಮಾಡಿ. ಕಾನ್ಫಿಗ್ ಫೈಲ್ ಅಳಿಸಿದ ಮಾತ್ರಕ್ಕೆ ಟೋಕನ್ ಸಾಯುವುದಿಲ್ಲ. ಎಸ್‌ಎಸ್‌ಎಚ್ ಕೀಗಳನ್ನು ಹೊಸದಾಗಿ ಮಾಡಿ, ಹಳೆಯ ಕೀಯನ್ನು ಎಲ್ಲ ಸರ್ವರ್‌ಗಳಿಂದ ತೆಗೆಯಿರಿ. ಯಂತ್ರವನ್ನು ಫಾರ್ಮ್ಯಾಟ್ ಮಾಡಿ, ಒಂದೊಂದೇ ಹುಡುಕಿ ಅಳಿಸುತ್ತಾ ಕೂರಬೇಡಿ. ಬ್ಯಾಂಕಿನಿಂದ ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.