ಗೋಡೆಗೆ ಸಿಕ್ಕಿಸುವ ಆಟಿಕೆ ಪೆಟ್ಟಿಗೆ: ಮಕ್ಕಳಿಗೆ ಹಿಡಿಸಿದೆ, ನೀವು ಗೋಡೆ ನೋಡಿ ಹಾಕಿಸಿ

ಒಂದು ಪುಟ್ಟ ಕಾರಿಗಾಗಿ ಇಡೀ ಬುಟ್ಟಿಯನ್ನೇ ಬೋರಲು ಹಾಕುವುದು ನಿಂತಿದೆ. ಗೋಡೆಗೆ ಕ್ಲೀಟ್ ಪಟ್ಟಿ (ಪೆಟ್ಟಿಗೆಯನ್ನು ಕೊಂಡಿಯಂತೆ ಹಿಡಿಯುವ ಓರೆ ಅಂಚಿನ ಮರದ ಪಟ್ಟಿ) ಹೊಡೆಸಿ, ಅದಕ್ಕೆ ಪ್ಲೈವುಡ್ ಪೆಟ್ಟಿಗೆಗಳನ್ನು ಸಿಕ್ಕಿಸುವ ಈ ಏರ್ಪಾಡಿನ ಬಗ್ಗೆ ಮೊದಲು ಹೇಳಬೇಕಾದ ಒಳ್ಳೆಯ ಮಾತು ಅದೇ. ಮಗು ತನಗೆ ಬೇಕಾದ ಪೆಟ್ಟಿಗೆಯನ್ನು ಎತ್ತಿಕೊಂಡು ಚಾಪೆಗೆ ತರುತ್ತದೆ, ಆಡುತ್ತದೆ, ಮತ್ತೆ ಗೋಡೆಗೆ ಸಿಕ್ಕಿಸುತ್ತದೆ. ಪೆಟ್ಟಿಗೆ 'ಟಕ್' ಎಂದು ಕೂರುತ್ತದಲ್ಲ, ಮಕ್ಕಳಿಗೆ ಅದೂ ಒಂದು ಆಟ. ಸಂಜೆ "ಎತ್ತಿಡೋ, ಎತ್ತಿಡೋ" ಎಂದು ಕೂಗಬೇಕಿಲ್ಲ. ಪಟ್ಟಿಯ ಮೇಲೆ ಖಾಲಿ ಜಾಗ ತೋರಿಸಿದರೆ ಸಾಕು, ಯಾವ ಪೆಟ್ಟಿಗೆ ಇನ್ನೂ ನೆಲದ ಮೇಲಿದೆ ಎಂದು ಮೂರು ವರ್ಷದವರಿಗೂ ತಿಳಿಯುತ್ತದೆ. ಓದಲು ಬಾರದವರಿಗೆ ಹೆಸರಿನ ಚೀಟಿ ಬೇಡ, ಒಳಗಿರುವ ಆಟಿಕೆಯ ಫೋಟೋ ಅಂಟಿಸಿ.

18 ಎಂಎಂ ಪ್ಲೈವುಡ್‌ನ ಆರು ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಲ್ಲಿ ಸೀಳಿಸಬೇಕು. ಒಂದು ಹೋಳು ಓರೆ ಅಂಚು ಮೇಲಾಗಿ ಗೋಡೆಗೆ, ಇನ್ನೊಂದನ್ನು ತುಂಡು ಮಾಡಿ ಓರೆ ಅಂಚು ಕೆಳಗಾಗಿ ಪೆಟ್ಟಿಗೆಗಳ ಬೆನ್ನಿಗೆ. ಆರಡಿ ಉದ್ದದ ಪಟ್ಟಿಗೆ 28 ಸೆಂ.ಮೀ. ಅಗಲದ ಆರು ಪೆಟ್ಟಿಗೆ ಹಿಡಿಯುತ್ತವೆ, ನಡುವೆ ಕೈಯಾಡಲು ಎರಡು ಸೆಂ.ಮೀ. ಉಳಿಯುತ್ತದೆ. 28×20×15 ಸೆಂ.ಮೀ. ಅಳತೆಯ ಹನ್ನೆರಡು ಪೆಟ್ಟಿಗೆಗೆ 9 ಎಂಎಂ ಪ್ಲೈವುಡ್ 8×4 ಅಡಿಯ ಒಂದು ಹಾಳೆ ಸಾಕು. ಮುಂದಿನ ಹಲಗೆಯನ್ನು 9 ಸೆಂ.ಮೀ.ಗೆ ತಗ್ಗಿಸಿ, ಇಲ್ಲದಿದ್ದರೆ ಒಳಗೇನಿದೆ ಎಂದು ಮಗುವಿಗೆ ಕಾಣುವುದಿಲ್ಲ. ಪೆಟ್ಟಿಗೆಯ ಬೆನ್ನಿಗೆ ಕೆಳಗಡೆಯೂ 18 ಎಂಎಂ ದಪ್ಪದ ಒಂದು ತುಂಡು ಅಂಟಿಸಲೇಬೇಕು. ಬಡಗಿಗಳು ಇದನ್ನು ಬಿಟ್ಟುಬಿಡುವುದುಂಟು. ಆಗ ಪೆಟ್ಟಿಗೆಯ ತಳ ಗೋಡೆಯ ಕಡೆಗೆ ವಾಲುತ್ತದೆ.

ಹಿಡಿಗೆಂದು ಎರಡೂ ಪಕ್ಕದ ಹಲಗೆಗಳಲ್ಲಿ ತೂತು ಮಾಡಿಸಿ. ಮುಂದುಗಡೆ ಮಾತ್ರ ಹಿಡಿ ಇದ್ದರೆ ಮಕ್ಕಳು ಇನ್ನೊಂದು ಕೈಯನ್ನು ಹಿಂದಕ್ಕೆ ಹಾಕುತ್ತಾರೆ, ಕೂರಿಸುವಾಗ ಬೆರಳು ಪಟ್ಟಿಗೂ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಇನ್ನು ತಕರಾರಿಗೆ ಬರೋಣ. ಪೆಟ್ಟಿಗೆ ತೆಗೆದ ಮೇಲೆ ಗೋಡೆಯ ಪಟ್ಟಿಯ ಓರೆ ತುದಿ ಬರಿದಾಗಿ ನಿಲ್ಲುತ್ತದೆ, ಗರಗಸದಿಂದ ಬಂದ ಹಾಗೇ ಚೂಪಾಗಿ. ಮೇಲಿನ ಸಾಲು ನೆಲದಿಂದ 85 ಸೆಂ.ಮೀ.ಗೆ ಬಂದರೆ ಮೂರು ವರ್ಷದ ಮಗುವಿನ ಕಣ್ಣು ಹೆಚ್ಚುಕಡಿಮೆ ಅದೇ ಎತ್ತರದಲ್ಲಿರುತ್ತದೆ. ಆ ತುದಿಯನ್ನು ಮೂರು ಎಂಎಂನಷ್ಟು ಚಪ್ಪಟೆ ಮಾಡಿ, ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಎರಡು ಕೋಟ್ ವಾರ್ನಿಷ್ ಹೊಡೆಸದೆ ಗೋಡೆಗೆ ಏರಿಸಲೇಬೇಡಿ. ಇದು ಅಂದಕ್ಕೆ ಮಾಡುವ ಕೆಲಸವಲ್ಲ.

ಎರಡನೆಯದು ಸ್ಕ್ರೂ. ನನಗೆ ಹೆಚ್ಚು ಸಿಟ್ಟು ತರಿಸಿದ್ದು ಇದೇ. ಫಿಟ್ಟಿಂಗ್‌ನವರು ಎಲ್ಲಕ್ಕೂ 50 ಎಂಎಂ ಸ್ಕ್ರೂ ತರುತ್ತಾರೆ. ಲೆಕ್ಕ ಹಾಕಿ: ಪಟ್ಟಿಯೇ 18 ಎಂಎಂ, ಗೋಡೆಯ ಪ್ಲಾಸ್ಟರಿಂಗ್ ಹನ್ನೆರಡಾದರೂ ಇರುತ್ತದೆ. ಬ್ಲಾಕಿನೊಳಗೆ ಹೋಗುವುದು ಬರೀ 20 ಎಂಎಂ. ಪೆಟ್ಟಿಗೆ ಗೋಡೆಯಿಂದ 20 ಸೆಂ.ಮೀ.ಗಿಂತ ಮುಂದಕ್ಕೆ ಚಾಚಿಕೊಂಡಿರುವುದರಿಂದ ಭಾರ ಕೆಳಕ್ಕಷ್ಟೇ ಅಲ್ಲ, ಸ್ಕ್ರೂವನ್ನು ಹೊರಕ್ಕೂ ಎಳೆಯುತ್ತದೆ. ಆರು ಪೆಟ್ಟಿಗೆ ತುಂಬಿದರೆ ಸುಲಭವಾಗಿ 15 ಕೆಜಿ, ಅದರ ಮೇಲೆ ಮಗು ಒಮ್ಮೆ ಜೋತುಬೀಳುತ್ತದೆ ಎಂದೇ ಎಣಿಸಿ.

ಈಗಿನ ಅಪಾರ್ಟ್‌ಮೆಂಟ್‌ಗಳ ಹಗುರ ಎಎಸಿ ಬ್ಲಾಕಿನಲ್ಲಿ (ಒಳಗೆಲ್ಲ ಗಾಳಿಗುಳ್ಳೆ ಇರುವ ಸಿಮೆಂಟ್ ಬ್ಲಾಕು) ಸಾಮಾನ್ಯ ಪ್ಲಾಸ್ಟಿಕ್ ರಾಲ್ ಪ್ಲಗ್, ಅಂದರೆ ಸ್ಕ್ರೂ ಹಿಡಿಯಲೆಂದು ತೂತಿಗೆ ತುರುಕುವ ಕೊಳವೆ, ನಿಧಾನಕ್ಕೆ ಸಡಿಲವಾಗುತ್ತದೆ. ಪಟ್ಟಿಯ ಮೇಲಂಚಿಗೂ ಗೋಡೆಗೂ ನಡುವೆ ಕೂದಲೆಳೆಯ ಸಂದು ಕಂಡರೆ ಅದೇ ಮೊದಲ ಸೂಚನೆ. ಆಗ ಪೆಟ್ಟಿಗೆ ಇಳಿಸಿಬಿಡಿ. ಅಂಥ ಗೋಡೆಗೆ 80 ಎಂಎಂಗೆ ಕಡಿಮೆಯಿಲ್ಲದ ಉದ್ದನೆಯ ನೈಲಾನ್ ಫ್ರೇಮ್ ಪ್ಲಗ್ ಕೇಳಿ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿಸಿ ಕೊರೆಸಿ. ಹ್ಯಾಮರ್ ಕುಟ್ಟಿದರೆ ಬ್ಲಾಕು ಪುಡಿಯಾಗಿ ತೂತು ಅಗಲವಾಗುತ್ತದೆ, ಪ್ಲಗ್ ಎಂಥದ್ದಾದರೂ ಹಿಡಿಯುವುದಿಲ್ಲ. ಕಾಂಕ್ರೀಟ್ ಗೋಡೆಯಾದರೆ ಉಲ್ಟಾ: ಹ್ಯಾಮರ್ ಬೇಕೇ ಬೇಕು, ಕಂಬಿ ತಾಗಿದರೆ ಎರಡು ಮೂರು ಸೆಂ.ಮೀ. ಪಕ್ಕಕ್ಕೆ ಸರಿಯಬೇಕು, ಆದರೆ ಹಿಡಿತ ಭದ್ರ. ಆರಡಿ ಪಟ್ಟಿಗೆ ಐದು ಸ್ಕ್ರೂ ಹಾಕಿಸಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಎಲ್ಲಿಯೂ ಕೊರೆಯಬಾರದು, ವೈರಿನ ಪೈಪು ಅಲ್ಲೇ ಹಾದಿರುತ್ತದೆ.

ಮೂರನೆಯದು, ಕ್ಲೀಟ್ ಕೆಳಗಿನಿಂದ ತಳ್ಳಿದರೆ ಬಿಡುತ್ತದೆ. ಬರೀ 18 ಎಂಎಂ ಎತ್ತಿದರೆ ಪೆಟ್ಟಿಗೆ ಕೈಗೆ ಬಂತು. ಕೆಳಗಿನ ಎರಡು ಸಾಲಿಗೆ (55 ಮತ್ತು 85 ಸೆಂ.ಮೀ.) ನಮಗೆ ಬೇಕಾದದ್ದೂ ಅದೇ. ಅದಕ್ಕೂ ಮೇಲೆ ಇನ್ನೊಂದು ಸಾಲು ಮಾಡಿಸಿ ಸಣ್ಣ ಬಿಡಿಭಾಗ, ಅಯಸ್ಕಾಂತ, ಬಟನ್ ಬ್ಯಾಟರಿಯ ಆಟಿಕೆ ಇಡುವುದಾದರೆ ಆ ಪೆಟ್ಟಿಗೆಗಳ ಒಳಗಿನಿಂದ 25 ಎಂಎಂ ಸ್ಕ್ರೂ ಹಾಕಿ ಪಟ್ಟಿಗೆ ಬಿಗಿದುಬಿಡಿ.

ಇಷ್ಟು ಸರಿಪಡಿಸಿಕೊಂಡ ಮೇಲೆ ನನ್ನ ಮನಸ್ಸು ಮತ್ತೆ ಮೆತ್ತಗಾಗಿದೆ. ಚನ್ನಪಟ್ಟಣದ ಬಂಡಿ, ಬುಗುರಿಗಳಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಉರುಳಿ ಮಂಚದಡಿ ಸೇರುವುದಿಲ್ಲ, ಒಂದರ ಮೇಲೊಂದು ಬಿದ್ದು ಅರಗಿನ ಬಣ್ಣ ಗೀರಿಕೊಳ್ಳುವುದಿಲ್ಲ. ಕಿಟಕಿಯ ಬಿಸಿಲು ನೇರ ಬೀಳುವ ಗೋಡೆ ಮಾತ್ರ ಬೇಡ. ಮರದ ಬ್ಲಾಕುಗಳನ್ನು ಅರ್ಧ ಪೆಟ್ಟಿಗೆಗಷ್ಟೇ ತುಂಬಿ. ಪೆಟ್ಟಿಗೆಯೇ ಒಂದು ಕೆಜಿ ದಾಟುತ್ತದೆ, ತುಂಬಿ ತುಳುಕಿದರೆ ಚಿಕ್ಕವರು ಎತ್ತುವುದನ್ನೇ ಬಿಡುತ್ತಾರೆ.

ದುಡ್ಡು ಉಳಿಸುವುದಾದರೆ ಪೆಟ್ಟಿಗೆಯಲ್ಲಿ ಉಳಿಸಿ, ಪಟ್ಟಿಯಲ್ಲಿ ಬೇಡ. ಪಟ್ಟಿಗೆ ಐಎಸ್ 710 ಗುರುತಿನ, ಅಂದರೆ ನೀರಿಗೆ ತಡೆದುಕೊಳ್ಳುವ ಮರೈನ್ ಪ್ಲೈವುಡ್ಡೇ ಇರಲಿ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಅಗ್ಗದ ಪ್ಲೈ ಊದಿಕೊಂಡು ಪೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಮಗು ಜಗ್ಗಿ ಎಳೆಯಲು ಶುರುಮಾಡುತ್ತದೆ. ಬಾಡಿಗೆ ಮನೆಯಾದರೆ ಎರಡು ಸಾಲಿಗೆ ಹತ್ತು ತೂತು ಬೀಳುತ್ತವೆ, ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ.